ಕೆಲಸ ಬಿಟ್ಟರೂ ಬೆನ್ನು ಬಿಡದ ಹೊಣೆ

ಡಾಕ್ಟರಾಗುವ ಮಕ್ಕಳೂ ಅವರ ತಂದೆ-ತಾಯಿಯೂ ಸೀಟು, ಫೀಸು, ಸಂಬಳದ ಲೆಕ್ಕ ಹಾಕುತ್ತಾರೆ. ಆಸ್ಪತ್ರೆ ಬಿಟ್ಟ ಮೇಲೆ ಬರಬಹುದಾದ ನೋಟಿಸಿನ ಲೆಕ್ಕ ಹಾಕುವವರು ಎಷ್ಟು ಮಂದಿ?

ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಖಟಕ ಚಿಂಚೋಳಿಯ ಚಹಾದ ಅಂಗಡಿಗಳಲ್ಲಿ ಎರಡೇ ಮಾತು: ಬಿತ್ತನೆ ಯಾವಾಗ, ನೀಟ್ ಫಲಿತಾಂಶ ಏನಾಯಿತು? (ಚಿಂಚೋಳಿ ಎಂದೊಡನೆ ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರವನ್ನು ನೆನೆಯುವವರೇ ಹೆಚ್ಚು. ನಮ್ಮದು ಭಾಲ್ಕಿ ತಾಲ್ಲೂಕಿನ ಹೋಬಳಿ ಊರು.) ಒಂದು ಕಾಲಕ್ಕೆ ಈ ಭಾಗದ ಹಳ್ಳಿಯ ಹುಡುಗನೊಬ್ಬ ಎಂಬಿಬಿಎಸ್ ಸೇರಿದರೆ ಅದು ಸುತ್ತಲ ಹತ್ತು ಊರಿಗೆ ಸುದ್ದಿ. ಈಗ ಹಾಗಿಲ್ಲ. 2007ರಲ್ಲಿ ಬೀದರಿನಲ್ಲಿಯೇ ವೈದ್ಯಕೀಯ ಕಾಲೇಜು ಆರಂಭವಾಯಿತು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಫಲವಾಗಿ ಈ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಇಲ್ಲಿಯ ಮಕ್ಕಳಿಗೇ ಮೀಸಲಾಗಿದೆ. ಕೂಲಿಕಾರರ ಮಕ್ಕಳು, ಸಣ್ಣ ಹಿಡುವಳಿದಾರರ ಮಕ್ಕಳು ಸ್ಟೆತಾಸ್ಕೋಪು ಹಾಕಿಕೊಂಡು ಊರಿಗೆ ಬರುವುದನ್ನು ನೋಡುವ ಭಾಗ್ಯ ನಮ್ಮ ತಲೆಮಾರಿನ ಮೇಷ್ಟರುಗಳಿಗೆ ಬಂದಿದೆ.

ಇಂಥ ಮನೆಗಳಲ್ಲಿ ಎಲ್ಲ ಲೆಕ್ಕವೂ ನಡೆಯುತ್ತದೆ. ಫೀಸು ಎಷ್ಟು, ಕಡ್ಡಾಯ ಸೇವೆ ಎಷ್ಟು ದಿನ, ಪಿ.ಜಿ. ಯಾವಾಗ, ಸಂಬಳ ಎಷ್ಟು? ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ಮಗಳು ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಿಟ್ಟು ಬಂದಳು ಎನ್ನಿ. ಆ ಎರಡು ವರ್ಷ ಅವಳು ನೋಡಿದ ರೋಗಿಗಳಲ್ಲಿ ಯಾರಾದರೂ, ಅವಳು ಕೆಲಸ ಬಿಟ್ಟ ಮೇಲೆ, ‘ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಯಿತು, ಪರಿಹಾರ ಕೊಡಿಸಿ’ ಎಂದು ದೂರು ಕೊಟ್ಟರೆ ಹಣ ಕಟ್ಟುವವರು ಯಾರು? ಆಸ್ಪತ್ರೆಯೇ? ವಿಮಾ ಕಂಪನಿಯೇ? ಅವಳೇ? ಅಥವಾ ಅವಳ ಓದಿಗಾಗಿ ಈಗಾಗಲೇ ಅಡವಿಟ್ಟ ಅಪ್ಪನ ಹೊಲವೇ?

ನಾನು ವೈದ್ಯನೂ ಅಲ್ಲ, ವಕೀಲನೂ ಅಲ್ಲ. ಬಿಎಸ್ಸಿ, ಬಿಎಡ್ ಮಾಡಿ ವಿಜ್ಞಾನ ಪಾಠ ಹೇಳುವವನು. ಶಿಷ್ಯರು ಡಾಕ್ಟರಾಗಿ, ನೌಕರಿ ಬದಲಿಸುತ್ತಾ ಹೋದಂತೆ ಈ ವಿಷಯವನ್ನು ಓದಿ ತಿಳಿಯಬೇಕಾಯಿತು.

ಮಿಂಚು ಮೊದಲು, ಗುಡುಗು ಆಮೇಲೆ

ಮಿಂಚು ಕಂಡ ಎಷ್ಟೋ ಹೊತ್ತಿಗೆ ಗುಡುಗು ಕೇಳಿಸುತ್ತದೆ ಎಂಬುದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಎರಡೂ ಹುಟ್ಟುವುದು ಒಂದೇ ಕ್ಷಣದಲ್ಲಿ. ಬಂದು ಮುಟ್ಟುವ ವೇಗ ಬೇರೆ ಅಷ್ಟೆ. ಚಿಕಿತ್ಸೆಗೂ ಅದರ ಮೇಲಿನ ದೂರಿಗೂ ಇಂಥದೇ ಸಂಬಂಧ. ನಡುವೆ ಸೆಕೆಂಡುಗಳಲ್ಲ, ವರ್ಷಗಳು ಕಳೆಯುತ್ತವೆ.

ಗ್ರಾಹಕರ ರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಹಣ ಪಡೆದು ಕೊಡುವ ವೈದ್ಯಕೀಯ ಚಿಕಿತ್ಸೆಯೂ ಈ ಕಾಯ್ದೆಯ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟ್ 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ನೀಡಿತು. ಅಲ್ಲಿಯವರೆಗೆ ಡಾಕ್ಟರ ಮೇಲೆ ದೂರು ಎಂದರೆ ಸಿವಿಲ್ ಕೋರ್ಟು, ಸ್ಟಾಂಪು, ವರ್ಷಗಟ್ಟಲೆ ಅಲೆದಾಟ. ಆ ಮೇಲೆ ಜಿಲ್ಲಾ ಕೇಂದ್ರದಲ್ಲಿಯೇ ದೂರು ಕೊಡಬಹುದಾಯಿತು. ಕಾಯ್ದೆ 2019ರಲ್ಲಿ ಹೊಸದಾಯಿತು. ಆದರೂ ಕಾಲಮಿತಿ ಎರಡು ವರ್ಷವೇ ಉಳಿದಿದೆ: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ತಡವನ್ನು ಮನ್ನಿಸಲೂಬಹುದು.

ಎರಡು ವರ್ಷ ದೂರು ಕೊಡುವುದಕ್ಕೆ ಮಾತ್ರ. ಮುಗಿಯುವುದು ಯಾವಾಗಲೋ! ನಮ್ಮ ಜನ ದೊಡ್ಡ ಕಾಯಿಲೆ ಎಂದರೆ ಓಡುವ ಹೈದರಾಬಾದಿನದೇ ಒಂದು ಉದಾಹರಣೆ ನೋಡಿ. 2002ರಲ್ಲಿ ವಿ. ಕಿಶನ್ ರಾವ್ ಎಂಬವರು ಜ್ವರದಿಂದ ನರಳುತ್ತಿದ್ದ ಹೆಂಡತಿಯನ್ನು ಅಲ್ಲಿನ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಮಲೇರಿಯಾಕ್ಕೆ ಬದಲು ಟೈಫಾಯ್ಡಿಗೆ ಚಿಕಿತ್ಸೆ ನಡೆಯಿತು. ಆಕೆ ಉಳಿಯಲಿಲ್ಲ. ಕಿಶನ್ ರಾವ್ ಮಲೇರಿಯಾ ಇಲಾಖೆಯಲ್ಲಿಯೇ ಅಧಿಕಾರಿ ಎಂಬುದು ವಿಧಿಯ ವ್ಯಂಗ್ಯ. ಜಿಲ್ಲಾ ವೇದಿಕೆ ಕೊಡಿಸಿದ್ದ ಎರಡು ಲಕ್ಷ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2010ರಲ್ಲಿ. ಎಂಟು ವರ್ಷಗಳಲ್ಲಿ ಆ ಆಸ್ಪತ್ರೆಯ ಎಷ್ಟು ಕಿರಿಯ ಡಾಕ್ಟರರು, ಎಷ್ಟು ನರ್ಸುಗಳು ಬದಲಾಗಿರಬಹುದು, ನೀವೇ ಊಹಿಸಿ.

ಇನ್ನೊಂದು ಪ್ರಕರಣ ಇದಕ್ಕಿಂತ ವಿಚಿತ್ರ. 1993ರ ನವೆಂಬರಿನಲ್ಲಿ ಡಾ. ವಿ.ಎನ್. ಶ್ರೀಖಂಡೆ ಎಂಬ ಹೆಸರಾಂತ ಶಸ್ತ್ರಚಿಕಿತ್ಸಕರು ಗೋವೆಯ ಮಹಿಳೆಯೊಬ್ಬರಿಗೆ ಪಿತ್ತಕೋಶದ ಆಪರೇಷನ್ ಮಾಡಿದರು. ಆಕೆಗೆ ಹೊಟ್ಟೆನೋವು ನಿಲ್ಲಲಿಲ್ಲ. 2002ರಲ್ಲಿ ಬೇರೊಂದು ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದಾಗ ಗಾಜ್ ಬಟ್ಟೆ ಸಿಕ್ಕಿತೆಂದು ದೂರು ದಾಖಲಾದದ್ದು 2004ರಲ್ಲಿ. ಆಪರೇಷನ್ ಆಗಿ ಹನ್ನೊಂದು ವರ್ಷದ ಮೇಲೆ! ದೋಷ ತಕ್ಷಣ ಕಾಣುವಂತಿದ್ದರೆ ಎರಡು ವರ್ಷದ ಎಣಿಕೆ ಆ ದಿನದಿಂದ, ಕಾಣುವಂತಿರದಿದ್ದರೆ ರೋಗಿ ಸಾಮಾನ್ಯ ಎಚ್ಚರದಿಂದ ಅದನ್ನು ಪತ್ತೆ ಮಾಡಬಹುದಾಗಿದ್ದ ದಿನದಿಂದ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿವರಿಸಿತು. ರೋಗಿ ಸ್ವತಃ ಅನುಭವಿ ನರ್ಸ್, ಒಂಬತ್ತು ವರ್ಷ ನೋವು ತಿಂದೂ ಆಪರೇಷನ್ ಮಾಡಿದವರನ್ನು ವಿಚಾರಿಸಲಿಲ್ಲವೆಂದು ದೂರು ಕಾಲಮಿತಿ ಮೀರಿದ್ದೆಂದು ತಳ್ಳಿಹಾಕಿತು. ಡಾಕ್ಟರರು ಗೆದ್ದರು, ನಿಜ. ಗೆಲ್ಲಲು ಕೂಡ ದಿಲ್ಲಿಯವರೆಗೆ ವಕೀಲರನ್ನು ಇಡಬೇಕಾಯಿತಲ್ಲ! ಹೊಟ್ಟೆಯೊಳಗಿನ ಬಟ್ಟೆ ನೋವು ಕೊಡದೆ ಸುಮ್ಮನಿದ್ದು, ಹತ್ತು ವರ್ಷದ ಮೇಲೆ ಸ್ಕ್ಯಾನ್‌ನಲ್ಲಿ ಕಂಡಿದ್ದರೆ ಎಣಿಕೆಯೇ ಬೇರೆಯಾಗಬಹುದಿತ್ತು.

ಮೋಟಾರ್ ಸೈಕಲ್ ವಿಮೆಯಂತಲ್ಲ

‘ಅದಕ್ಕೇ ವಿಮೆ ಇರುತ್ತದಲ್ಲ’ ಎನ್ನುತ್ತೀರಿ. ಇರುತ್ತದೆ. ಅದನ್ನು ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಎನ್ನುತ್ತಾರೆ. ಕನ್ನಡದಲ್ಲಿ ವೃತ್ತಿ ಹೊಣೆಗಾರಿಕೆ ವಿಮೆ ಎನ್ನಬಹುದು. ಡಾಕ್ಟರ ವಿರುದ್ಧ ಪರಿಹಾರದ ಆದೇಶವಾದರೆ ಪಾಲಿಸಿಯ ಮಿತಿಯೊಳಗೆ ಆ ಹಣವನ್ನೂ ವಕೀಲರ ಖರ್ಚನ್ನೂ ಕಂಪನಿ ಕೊಡುತ್ತದೆ. ಆದರೆ ಇದರ ಸ್ವಭಾವ ನಮಗೆ ಪರಿಚಯವಿರುವ ವಿಮೆಯದಲ್ಲ.

ನಿಮ್ಮ ಮೋಟಾರ್ ಸೈಕಲ್ಲಿನ ಥರ್ಡ್ ಪಾರ್ಟಿ ವಿಮೆಯನ್ನು ನೆನೆಯಿರಿ. ಅಪಘಾತವಾದ ದಿನ ವಿಮೆ ಚಾಲ್ತಿಯಲ್ಲಿತ್ತೇ ಎಂಬುದೊಂದೇ ಅಲ್ಲಿ ಪ್ರಶ್ನೆ. ಕೇಸು ಆಮೇಲೆ ಹಾಕಲಿ, ಅಷ್ಟರಲ್ಲಿ ನೀವು ಗಾಡಿ ಮಾರಿರಲಿ, ವಿಮೆ ಮುಗಿದಿರಲಿ, ಅಪಘಾತದ ದಿನದ ಪಾಲಿಸಿಯೇ ಉತ್ತರ ಹೇಳುತ್ತದೆ. ಇದು ‘ಘಟನೆ ಆಧಾರ’ದ ವಿಮೆ.

ಡಾಕ್ಟರರ ವಿಮೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ‘ದೂರು ಆಧಾರ’ದ್ದು, ಇಂಗ್ಲಿಷಿನಲ್ಲಿ ಹೇಳುವ ಕ್ಲೇಮ್ಸ್ ಮೇಡ್. ಇದಕ್ಕೆ ಎರಡು ಬಾಗಿಲು. ಚಿಕಿತ್ಸೆ ನಡೆದದ್ದು ಪಾಲಿಸಿಯಲ್ಲಿ ಬರೆದ ಒಂದು ಹಿಂದಿನ ದಿನಾಂಕದ ಈಚೆಗೆ ಆಗಿರಬೇಕು. ಇದನ್ನು ರೆಟ್ರೋಆ್ಯಕ್ಟಿವ್ ಡೇಟ್ ಎನ್ನುತ್ತಾರೆ. ಮೊದಲ ಸಲ ಪಾಲಿಸಿ ಮಾಡಿಸಿ, ಎಲ್ಲಿಯೂ ಕಡಿಯದಂತೆ ನವೀಕರಿಸುತ್ತಾ ಬಂದಿದ್ದರೆ ಆ ಮೊದಲ ದಿನವೇ ಈ ದಿನಾಂಕ. ಎರಡನೆಯದಾಗಿ, ದೂರು ಬಂದ ದಿನವೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಒಂದು ಬಾಗಿಲು ಮುಚ್ಚಿದ್ದರೂ ಒಳಗೆ ಪ್ರವೇಶವಿಲ್ಲ. ಚಿಕಿತ್ಸೆ ಮಾಡಿದ ದಿನ ವಿಮೆ ಇತ್ತು, ಪ್ರೀಮಿಯಂ ಕಟ್ಟಿದ ರಸೀದಿಯೂ ಇದೆ, ಆದರೆ ನೋಟಿಸು ಬಂದ ದಿನ ವಿಮೆ ಇರಲಿಲ್ಲ ಎಂದರೆ ರಸೀದಿ ಬರೀ ಕಾಗದ.

ಇಂಥ ವಿಮೆ ಹುಟ್ಟಿದ್ದಕ್ಕೂ ಕಾರಣವಿದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಡಾಕ್ಟರರ ಮೇಲಿನ ದಾವೆಗಳು ಏರಿದವು. ಇಂದು ಪ್ರೀಮಿಯಂ ತೆಗೆದುಕೊಂಡು ಹದಿನೈದು ವರ್ಷದ ಮೇಲೆ ಬರುವ ದಾವೆಗೆ ಅಂದಿನ ದರದಲ್ಲಿ ಹಣ ಕೊಡುವುದೆಂದರೆ ಎಷ್ಟು ಕೂಡಿಡಬೇಕೆಂದು ಲೆಕ್ಕ ಹಾಕುವುದು ಕಂಪನಿಗಳಿಗೆ ಕಷ್ಟವಾಯಿತು. ಸೇಂಟ್ ಪಾಲ್ ಎಂಬ ದೊಡ್ಡ ಕಂಪನಿ 1975ರ ಸುಮಾರಿಗೆ ದೂರು ಆಧಾರದ ಪಾಲಿಸಿಗೆ ಹೊರಳಿತು, ಉಳಿದವೂ ಹಿಂದೆ ಬಂದವು. ಕಂಪನಿಯ ಚಿಂತೆ ಕಡಿಮೆಯಾಯಿತು. ಆ ಚಿಂತೆ ಕೆಲಸ ಬಿಡುವ ಡಾಕ್ಟರ ತಲೆಗೆ ಬಂತು.

ಒಂದು ಲೆಕ್ಕ

ಬೀಜಗಣಿತದಂತೆ ಒಬ್ಬ ಡಾಕ್ಟರನ್ನು ‘ಕ’ ಎಂದು ಕರೆಯೋಣ. ‘ಕ’ 2022ರ ಜೂನ್ 1ರಂದು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿ ಅಂದೇ ಪಾಲಿಸಿ ಮಾಡಿಸಿದಳು. 2023ರ ಮೇ 31ಕ್ಕೆ ಕೆಲಸವೂ ಮುಗಿಯಿತು, ಪಾಲಿಸಿಯೂ ಮುಗಿಯಿತು. ಪಿ.ಜಿ. ಓದಿಗೆ ಸಿದ್ಧತೆ ನಡೆಸಿದ್ದರಿಂದ ‘ಈಗ ರೋಗಿಗಳನ್ನೇ ನೋಡುತ್ತಿಲ್ಲ, ವಿಮೆ ಏಕೆ?’ ಎಂದು ನವೀಕರಿಸಲಿಲ್ಲ. ಬಹಳ ಜನ ಮಾಡುವುದು ಇದನ್ನೇ. ಮೇಲ್ನೋಟಕ್ಕೆ ಸರಿಯೆಂದೂ ತೋರುತ್ತದೆ.

2023ರ ಏಪ್ರಿಲ್ 20ರಂದು ಅವಳು ಚಿಕಿತ್ಸೆ ಕೊಟ್ಟ ರೋಗಿಗೆ ದೂರು ಕೊಡಲು 2025ರ ಏಪ್ರಿಲ್‌ವರೆಗೆ ಅವಕಾಶ. ಪಾಲಿಸಿ ಮುಗಿದ ಮೇಲೂ ದೂರು ತಿಳಿಸಲು ಸ್ವಲ್ಪ ಕಾಲ ಕೊಡುವ ಷರತ್ತೊಂದು ಇರುತ್ತದೆ. ನಮ್ಮಲ್ಲಿನ ಪಾಲಿಸಿಗಳಲ್ಲಿ ಇದು 90 ದಿನ ಎಂದಿರುವುದು ಸಾಮಾನ್ಯ. ಮೇ 31ರಿಂದ 90 ದಿನ ಎಂದರೆ ಆಗಸ್ಟ್ 29. ಅಲ್ಲಿಂದ 2025ರ ಏಪ್ರಿಲ್‌ವರೆಗೆ ಸುಮಾರು ಇಪ್ಪತ್ತು ತಿಂಗಳು ‘ಕ’ಳ ತಲೆಯ ಮೇಲೆ ಕೊಡೆಯೇ ಇಲ್ಲ. ಕಾನೂನು ರೋಗಿಗೆ ಎರಡು ವರ್ಷ ಕೊಟ್ಟಿದೆ, ಪಾಲಿಸಿ ಡಾಕ್ಟರಿಗೆ ಮೂರು ತಿಂಗಳು ಕೊಟ್ಟಿದೆ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. 2024ರಲ್ಲಿ ‘ಕ’ ಬೇರೆ ಆಸ್ಪತ್ರೆ ಸೇರಿ ಹೊಸ ಪಾಲಿಸಿ ಮಾಡಿಸಿದಳು ಎನ್ನಿ. ನಡುವೆ ಕಡಿದುಹೋದದ್ದರಿಂದ ಹಿಂದಿನ ದಿನಾಂಕವೂ ಹೊಸದಾಗುತ್ತದೆ. ಹೊಸ ಪಾಲಿಸಿ ಹಳೆಯ ರೋಗಿಯನ್ನು ಗುರುತಿಸುವುದಿಲ್ಲ, ಹಳೆಯ ಪಾಲಿಸಿ ಹೊಸ ದೂರನ್ನು ಗುರುತಿಸುವುದಿಲ್ಲ. ಅದೇ ‘ಕ’ ಓದುವ ಕಾಲದಲ್ಲಿಯೂ ಪ್ರೀಮಿಯಂ ಕಟ್ಟಿ ನವೀಕರಿಸಿಕೊಂಡು ಬಂದಿದ್ದರೆ? 2022ರ ಜೂನ್ 1 ಹಾಗೆಯೇ ಉಳಿಯುತ್ತಿತ್ತು, 2025ರ ದೂರಿಗೆ 2025ರ ಪಾಲಿಸಿ ಉತ್ತರ ಹೇಳುತ್ತಿತ್ತು. ಕಂಪನಿ ಬದಲಿಸಿದರೂ ಅಡ್ಡಿಯಿಲ್ಲ. ಹಳೆಯ ದಿನಾಂಕವನ್ನೇ ಮುಂದುವರಿಸುತ್ತೇವೆಂದು ಹೊಸ ಕಂಪನಿ ಪಾಲಿಸಿಯಲ್ಲಿ ಬರೆದುಕೊಡಬೇಕು. ಏಜೆಂಟರ ಬಾಯಿಮಾತು ಸಾಲದು.

ಈ ವಿಷಯ ಹೇಳಿದಾಗ ಒಬ್ಬ ತಂದೆ ಕೇಳಿದರು: “ಮಾಸ್ತರ್ರ, ಹುಡುಗಿ ನೌಕರಿ ಬಿಟ್ಟಾಳ, ಇನ್ನ ಆ ದವಾಖಾನಿಗೂ ಆಕಿಗೂ ಏನ್ ಸಂಬಂಧ ಅದ? ಅವರ ವಿಮಾ ಇರ್ತದಲ್ರೀ.” ಪ್ರಶ್ನೆ ನ್ಯಾಯವಾದದ್ದೇ. ಆಸ್ಪತ್ರೆಯ ವಿಮೆ ಮೊದಲು ಕಾಯುವುದು ಆಸ್ಪತ್ರೆಯನ್ನು. ನೌಕರಿಯಲ್ಲಿದ್ದ ಡಾಕ್ಟರ ಹೆಸರೂ ಅದರಲ್ಲಿ ಸೇರಿದೆಯೇ, ಸೇರಿದ್ದರೆ ಬಿಟ್ಟುಹೋದವರಿಗೂ ಅನ್ವಯಿಸುತ್ತದೆಯೇ ಎಂಬುದು ಪಾಲಿಸಿಯ ಕಾಗದ ನೋಡಿದರಷ್ಟೇ ಗೊತ್ತು. ದಿನಕ್ಕೆ ಎರಡು ಗಂಟೆ ಬಂದು ಹೋಗುವ ‘ವಿಸಿಟಿಂಗ್’ ಡಾಕ್ಟರು ಅನೇಕ ಕಡೆ ನೌಕರರೇ ಅಲ್ಲ. ಇನ್ನು ಆಸ್ಪತ್ರೆಯೇ ಬಾಗಿಲು ಹಾಕಿದರೆ? ಆಸ್ಪತ್ರೆ ತನ್ನ ವಿಮೆ ನಿಲ್ಲಿಸಿದರೆ? ದೂರು ಆಧಾರದ ಪಾಲಿಸಿ ನಿಂತ ದಿನ ಹಿಂದಿನದಕ್ಕೆಲ್ಲ ಕತ್ತಲೆ. ಆದ್ದರಿಂದ ಸ್ವಂತ ಹೆಸರಿನ ಪಾಲಿಸಿ ಇರಬೇಕು, ಅದು ಮೊದಲ ರೋಗಿಯನ್ನು ನೋಡುವ ದಿನದಿಂದಲೇ ಇರಬೇಕು ಎಂದು ನನ್ನ ಖಚಿತ ಅಭಿಪ್ರಾಯ. ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ‘ಸೇವೆಯ ಅವಧಿಯ ಚಿಕಿತ್ಸೆಗಳ ಬಗ್ಗೆ ಮುಂದೆ ದೂರು ಬಂದರೂ ಆಸ್ಪತ್ರೆ ರಕ್ಷಣೆ ಕೊಡುತ್ತದೆ, ದಾಖಲೆ ನೋಡಲು ಬಿಡುತ್ತದೆ’ ಎಂಬ ಒಂದು ಸಾಲು ಕೇಳಿ ನೋಡಬೇಕು. ಸಂಬಳದ ಬಗ್ಗೆ ಮೂರು ಸಲ ಕೇಳುವವರು ಇದನ್ನು ಒಂದು ಸಲ ಕೇಳಲು ನಾಚಬೇಕಿಲ್ಲ.

ದಾಖಲೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಪಾಡಬೇಕು, ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಹೇಳಿವೆ. ಕೆಲಸ ಬಿಟ್ಟ ಡಾಕ್ಟರ ಕೈಯಲ್ಲಿ ಆ ಫೈಲು ಇರುವುದಿಲ್ಲ, ರೋಗಿಗಳ ಫೈಲನ್ನು ಮನೆಗೆ ಒಯ್ಯುವುದೂ ತಪ್ಪು. ಅವಳು ತಾನು ಮಾಡಿದ್ದು ಸರಿ ಎಂದು ತೋರಿಸಬೇಕಾದರೆ ಅಂದು ತನ್ನ ಕೈಯಿಂದ ಬರೆದ ಟಿಪ್ಪಣಿಯೇ ಸಾಕ್ಷಿ. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ಬರೆಯುವ ನನ್ನ ವಿದ್ಯಾರ್ಥಿಗಳು ಈ ಸಾಲನ್ನು ಎರಡು ಸಲ ಓದಲಿ.

ಸರ್ಕಾರಿ ನೌಕರಿಯಾದರೆ?

ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ ಇಷ್ಟು ಗಂಡಾಂತರದ್ದಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 1995ರ ಅದೇ ತೀರ್ಪು ಹೇಳಿದೆ. ಹಾಗೆಂದು ಸಿವಿಲ್ ದಾವೆಯ ದಾರಿ ಮುಚ್ಚಿಲ್ಲ. ನಮ್ಮ ಬೀದರಿನಂತೆಯೇ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಔರಂಗಾಬಾದಿನ (ಈಗಿನ ಛತ್ರಪತಿ ಸಂಭಾಜಿನಗರ) ಸಿವಿಲ್ ಆಸ್ಪತ್ರೆಯಲ್ಲಿ 1963ರ ಜುಲೈನಲ್ಲಿ ಹೆರಿಗೆಗೆ ಬಂದ ಮಹಿಳೆಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡುವಾಗ ಹೊಟ್ಟೆಯಲ್ಲಿ ಟವೆಲ್ ಉಳಿಯಿತು. ಆಕೆ ತೀರಿಕೊಂಡಳು. ಕುಟುಂಬಕ್ಕೆ 36,000 ರೂಪಾಯಿ ಪರಿಹಾರ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಮೂವತ್ಮೂರು ವರ್ಷ! ಯಾವ ಡಾಕ್ಟರ ಕೈಯಿಂದ ತಪ್ಪಾಯಿತೆಂದು ಬೊಟ್ಟುಮಾಡಿ ತೋರಿಸಲಾಗದಿದ್ದರೂ ಸರ್ಕಾರ ಹೊಣೆ ಹೊರಬೇಕೆಂಬುದು ಆ ತೀರ್ಪಿನ ಸಾರ. ಸೇವೆಯಲ್ಲಿದ್ದಾಗ ಮಾಡಿದ ಕೆಲಸಕ್ಕೆ ಹಣ ಕೊಡುವವರು ಸರ್ಕಾರದವರು, ಡಾಕ್ಟರು ಆಮೇಲೆ ಎಲ್ಲಿಗೇ ಹೋಗಲಿ. ಆದರೆ ಸಂಜೆ ಸ್ವಂತ ಕ್ಲಿನಿಕ್ಕಿನಲ್ಲಿ ನೋಡಿದ ರೋಗಿಗೆ ಈ ಛತ್ರಿ ಇಲ್ಲ. ಗುತ್ತಿಗೆಯ ಮೇಲೆ ಸೇರುವವರು ತಮ್ಮ ಕರಾರಿನಲ್ಲಿ ಏನಿದೆಯೆಂದು ಓದಬೇಕು.

ಹಾನಿಮನ್ ಆಸ್ಪತ್ರೆಯ ಹುಡುಗರು

ಇದೆಲ್ಲ ದೊಡ್ಡ ಡಾಕ್ಟರರ ಗೊಡವೆ, ಕಲಿಯುವ ಮಕ್ಕಳಿಗೇನು ಎನ್ನುವವರು ಫಿಲಡೆಲ್ಫಿಯಾದ ಕಥೆ ಕೇಳಬೇಕು. ಹೋಮಿಯೋಪಥಿಯ ಜನಕ ಹಾನಿಮನ್‌ರ ಹೆಸರಿನ ಅಲ್ಲಿನ ಯೂನಿವರ್ಸಿಟಿ ಆಸ್ಪತ್ರೆ 2019ರಲ್ಲಿ ದಿವಾಳಿ ಎದ್ದು ಮುಚ್ಚಿತು. ಐನೂರಕ್ಕೂ ಹೆಚ್ಚು ರೆಸಿಡೆಂಟ್ ವೈದ್ಯರು, ಎಂದರೆ ನಮ್ಮ ಪಿ.ಜಿ. ವಿದ್ಯಾರ್ಥಿಗಳಂಥವರು, ಬೀದಿಗೆ ಬಿದ್ದರು. ಬೇರೆ ಬೇರೆ ಆಸ್ಪತ್ರೆಗಳು ಅವರನ್ನು ಸೇರಿಸಿಕೊಂಡವು. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸುದ್ದಿ: ಹಳೆಯ ಆಸ್ಪತ್ರೆಯ ವಿಮೆ 2020ರ ಜನವರಿಗೆ ಮುಗಿಯುತ್ತದೆ, ಹಿಂದಿನ ರೋಗಿಗಳ ದಾವೆಗೆ ರಕ್ಷಣೆ ಬೇಕಿದ್ದರೆ ನಿಮ್ಮ ಖರ್ಚಿನಲ್ಲಿ ಕೊಳ್ಳಿ!

ಹಾಗೆ ಕೊಳ್ಳುವ ವಿಮೆಗೆ ಅಲ್ಲಿ ‘ಟೇಲ್’ ಎನ್ನುತ್ತಾರೆ, ಬಾಲ. ಪಾಲಿಸಿ ಮುಗಿದ ಮೇಲೂ, ಅದರ ಅವಧಿಯಲ್ಲಿ ನಡೆದ ಚಿಕಿತ್ಸೆಯ ಬಗ್ಗೆ ಬರುವ ದೂರುಗಳನ್ನು ಇದು ನೋಡಿಕೊಳ್ಳುತ್ತದೆ. ಇದರ ಬೆಲೆ ವರ್ಷದ ಪ್ರೀಮಿಯಂನ ಒಂದೂವರೆ, ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಅದೂ ಒಂದೇ ಕಂತಿನಲ್ಲಿ. ಹೆರಿಗೆ ಡಾಕ್ಟರರಿಗಂತೂ ಪ್ರೀಮಿಯಂ ಮೊದಲೇ ದುಬಾರಿ. ಅಲ್ಲಿಗೆ ಹೋಗುವ ನಮ್ಮ ಮಕ್ಕಳು ನೌಕರಿಯ ಕರಾರಿನಲ್ಲಿ ‘ಬಾಲದ ಹಣ ಯಾರದು’ ಎಂಬ ಕಲಮು ಹುಡುಕುವುದು ಇದಕ್ಕೇ. ಹಾನಿಮನ್‌ನ ಹುಡುಗರು ಸುಮ್ಮನೆ ಕೂರಲಿಲ್ಲ. ದಿವಾಳಿ ನ್ಯಾಯಾಲಯದವರೆಗೆ ದನಿ ಎತ್ತಿದರು. 2020ರಲ್ಲಿ ಒಪ್ಪಂದವಾಗಿ ಅವರಿಗೆ ಬಾಲದ ವಿಮೆ ದೊರಕಿತು. ಇಂಗ್ಲೆಂಡಿನಲ್ಲಿ ಈ ತಲೆಬಿಸಿ ಕಡಿಮೆ. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಯಲ್ಲಿ ಮಾಡಿದ ಕೆಲಸಕ್ಕೆ ಸರ್ಕಾರವೇ ಹೊಣೆ, 2019ರ ಏಪ್ರಿಲ್‌ನಿಂದ ಅದರ ಕುಟುಂಬ ವೈದ್ಯರಿಗೂ ಇಂಥದೇ ವ್ಯವಸ್ಥೆ ಬಂದಿದೆ.

ನಮ್ಮಲ್ಲಿ ಬಾಲದ ವಿಮೆಯೆಂದು ಬೇರೆಯಾಗಿ ಕೇಳಿದರೆ ಅನೇಕ ಏಜೆಂಟರು ಮುಖ ನೋಡುತ್ತಾರೆ. ಹಾಗಾಗಿ ಕೈಗೆಟಕುವ ದಾರಿ ನವೀಕರಣವೇ. ಕ್ಲಿನಿಕ್ ಮುಚ್ಚಿ ಮನೆಯಲ್ಲಿ ಕೂತ ಹಿರಿಯ ಡಾಕ್ಟರೂ ಎರಡು-ಮೂರು ವರ್ಷವಾದರೂ ಪ್ರೀಮಿಯಂ ಕಟ್ಟುವುದು ದುಂದಲ್ಲ.

ರೋಗಿಯ ಕಡೆಯಿಂದಲೂ ನೋಡಬೇಕು, ಏಕೆಂದರೆ ಈ ಪುಟ ಓದುವ ತಂದೆ-ತಾಯಿ ಡಾಕ್ಟರ ಪಾಲಕರಾಗುವ ಮೊದಲು ರೋಗಿಗಳೇ. ತಪ್ಪು ಚಿಕಿತ್ಸೆಯಿಂದ ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಐದು ಲಕ್ಷ ಕೊಡಬೇಕೆಂದು ಆದೇಶವಾಯಿತು ಎನ್ನಿ. ಡಾಕ್ಟರು ಊರು ಬಿಟ್ಟಿದ್ದಾರೆ, ಕೈಯಲ್ಲಿ ಹಣವಿಲ್ಲ, ವಿಮೆಯೂ ಕಡಿದಿದೆ. ಆದೇಶವನ್ನು ಫ್ರೇಮು ಹಾಕಿ ಗೋಡೆಗೆ ತೂಗುಹಾಕಬೇಕಷ್ಟೆ. 1998ರಲ್ಲಿ ಕೋಲ್ಕತ್ತದಲ್ಲಿ ಚಿಕಿತ್ಸೆ ಪಡೆದ ಅನುರಾಧಾ ಸಾಹಾ ಅವರ ಸಾವಿಗೆ 2013ರಲ್ಲಿ ಸುಪ್ರೀಂ ಕೋರ್ಟ್ 5.96 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಿಸಿತು. ಹೆಚ್ಚಿನ ಪಾಲು ಆಸ್ಪತ್ರೆಯದಾದರೂ ಡಾಕ್ಟರರ ಮೇಲೂ ಲಕ್ಷಗಳ ಲೆಕ್ಕದ ಪಾಲು ಬಿತ್ತು. ಅಷ್ಟು ದೊಡ್ಡ ಮೊತ್ತ ಅಪರೂಪ, ನಿಜ.

ನರ್ಸಿಂಗ್ ಓದುವ ಮಕ್ಕಳೂ ಇದರಿಂದ ಹೊರಗಲ್ಲ. ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಒಬ್ಬರು ತಪ್ಪು ಇಂಜೆಕ್ಷನ್ ಕೊಟ್ಟು ಮಗುವಿನ ಮೆದುಳಿಗೆ ಶಾಶ್ವತ ಹಾನಿಯಾದ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಎತ್ತಿಹಿಡಿದಿದೆ. ಹಾಗೆಯೇ ಪೊಲೀಸ್ ಕೇಸಿನ ಶಿಕ್ಷೆಗೆ ಯಾವ ವಿಮೆಯೂ ಇಲ್ಲ. ಕುಡಿದು ಚಿಕಿತ್ಸೆ ಮಾಡಿದವರಿಗೂ ಇಲ್ಲ.

ನಮ್ಮ ರೈತರಿಗೆ ವಿಮೆಯ ಶಿಸ್ತು ಹೊಸದಲ್ಲ. ಸೋಯಾ, ತೊಗರಿ ನೀರಿನಲ್ಲಿ ನಿಂತರೆ 72 ಗಂಟೆಯೊಳಗೆ ತಿಳಿಸಬೇಕೆಂಬುದನ್ನು ಬೆಳೆ ವಿಮೆ ಕಲಿಸಿದೆ. ಡಾಕ್ಟರರ ವಿಮೆಯಲ್ಲೂ ಇಂಥ ಒಂದು ಉಪಾಯವಿದೆ, ಬಳಸುವವರು ವಿರಳ. ಕೆಲಸ ಬಿಡುವ ಹೊತ್ತಿಗೆ ಯಾವುದೋ ಒಂದು ಪ್ರಕರಣ ಕೆಟ್ಟಿದೆ, ರೋಗಿಯ ಮನೆಯವರು ಜಗಳವಾಡಿ ಹೋಗಿದ್ದಾರೆ ಅಥವಾ ದಾಖಲೆ ಕೇಳಿ ಪತ್ರ ಬರೆದಿದ್ದಾರೆ ಎನ್ನಿ. ದೂರು ಇನ್ನೂ ಬಂದಿಲ್ಲ. ಪಾಲಿಸಿ ಚಾಲ್ತಿಯಲ್ಲಿರುವಾಗಲೇ ‘ಇಂಥ ದಿನ ಇಂಥ ಘಟನೆಯಾಗಿದೆ, ಮುಂದೆ ದೂರು ಬರಬಹುದು’ ಎಂದು ಕಂಪನಿಗೆ ಬರೆದು, ಕಂಪನಿ ಅದನ್ನು ಒಪ್ಪಿಕೊಂಡರೆ, ದೂರು ಆಮೇಲೆ ಬಂದರೂ ಅದು ಪಾಲಿಸಿಯ ಅವಧಿಯಲ್ಲಿಯೇ ಬಂದಂತೆ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಕಂಪನಿಗೆ ತಿಳಿಸದೆ ರೋಗಿಯ ಕಡೆಯವರೊಂದಿಗೆ ರಾಜಿ ಮಾಡಿಕೊಂಡರೆ ಮಾತ್ರ ಆ ಹಣ ತನ್ನದೇ ಜೇಬಿನಿಂದ.

ಪತ್ರವನ್ನು ಅಂಚೆಯಲ್ಲಿ ಕಳಿಸಿ, ಸ್ವೀಕೃತಿಯನ್ನು ಹಳೆಯ ಪಾಲಿಸಿಗಳ ಜೊತೆ ಇಡಬೇಕು. ಎಲ್‌ಐಸಿ ಬಾಂಡು, ಹೊಲದ ಪಹಣಿ ಇರುವ ಟ್ರಂಕಿನಲ್ಲಿಯೇ ಇಟ್ಟರೂ ಸರಿ. ಮಗಳು ಹೈದರಾಬಾದಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಊರಿನ ವಿಳಾಸಕ್ಕೆ ಬರುವ ನವೀಕರಣದ ನೋಟಿಸನ್ನು ಅಪ್ಪ-ಅಮ್ಮ ಜಾಹೀರಾತೆಂದು ತಿಳಿದು ಎಸೆಯದಿರಲಿ.